ಹಸುವಿನ ಮೂರು ಮಾತು

ಉತ್ತರಹಳ್ಳಿಯ ಆ ಶಾಲೆಯಲ್ಲಿ ಚೂಡಾಮಣಿ ಮಿಸ್ ಯಾವ ಲೆಕ್ಕಕ್ಕೆ ಸೇರಿದವರು ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗಣಿತದವರಲ್ಲ, ವಿಜ್ಞಾನದವರಲ್ಲ, ಪಿ.ಟಿ. ಮೇಷ್ಟ್ರ ಹಾಗೆ ಕೊರಳಲ್ಲಿ ಒಂದು ಸೀಟಿಯೂ ಇಲ್ಲ. ವೇಳಾಪಟ್ಟಿಯಲ್ಲಿ ಅವರ ಪೀರಿಯಡ್ಡಿಗೆ ‘ಪರ್ಫಾರ್ಮಿಂಗ್ ಆರ್ಟ್ಸ್’ ಎಂದು ಗಂಭೀರವಾದ ಹೆಸರು. ಮಕ್ಕಳ ಬಾಯಲ್ಲಿ ಅದು ಡ್ರಾಮಾ ಕ್ಲಾಸು. ಮಿಕ್ಕ ಟೀಚರುಗಳ ಪಾಲಿಗೆ ಪೋರ್ಷನ್ ಮುಗಿಯದಿದ್ದಾಗ ಕೈಚಾಚಿ ಇಸಕೊಳ್ಳುವ ಪೀರಿಯಡ್ಡು. “ಮೇಡಂ, ಇವತ್ತೊಂದಿನ ನಿಮ್ ಕ್ಲಾಸ್ ಕೊಡಿ, ಭಿನ್ನರಾಶಿ ಮುಗಿಸ್ಬಿಡ್ತೀನಿ” ಎಂದು ಯಾರಾದರೂ ಬಂದರೆ ಈಯಮ್ಮ ಕೊಟ್ಟೂಬಿಡುತ್ತಿದ್ದರು. ಹಾಗೆ ಕೊಟ್ಟದ್ದರಲ್ಲಿ ಒಂದೂ ವಾಪಸ್ಸು ಬಂದಿರಲಿಲ್ಲ.

ಯಡಿಯೂರು ಕೆರೆಯ ಹಿಂದಿನ ಬೀದಿಯಲ್ಲಿ ಅವರ ಮನೆ. ಹುಟ್ಟಿ ಬೆಳೆದದ್ದೆಲ್ಲ ಜಯನಗರದಲ್ಲೇ. ಪ್ರಾಯದಲ್ಲಿ ಒಂದು ಹವ್ಯಾಸಿ ತಂಡದ ಜೊತೆ ನಾಟಕ ಆಡಿದ್ದರು. ರಾಣಿಯ ಪಾರ್ಟು ಯಾವತ್ತೂ ಸಿಗಲಿಲ್ಲ. ಸಖಿಯರೂ ಮುದುಕಿಯರೂ ಬೇಕಾದಷ್ಟು ಸಿಕ್ಕರು. ಆಮೇಲೆ ಮದುವೆ, ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಎಲ್ಲ ಒಂದು ಹದಕ್ಕೆ ಬರುವ ಹೊತ್ತಿಗೆ ತಲೆ ಅರ್ಧ ನೆರೆತಿತ್ತು. ವರ್ಷವರ್ಷಕ್ಕೂ ಹೊಸದಾಗಿ ಸಹಿ ಹಾಕಿಸಿಕೊಳ್ಳುವ ಈ ಕೆಲಸ ಸಿಕ್ಕಾಗ ಅವರು ಹೊಸ ಕಾಟನ್ ಸೀರೆ ಉಟ್ಟು, ಬನಶಂಕರಿಯಲ್ಲಿ ಬಸ್ಸು ಬದಲಿಸಿ, ಮೊದಲ ದಿನವೇ ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿಸಿದ್ದರು.

ಅವರ ಪಾಠ ಬಹಳ ಸರಳ. ಮಕ್ಕಳು ದುಂಡಗೆ ನಿಲ್ಲಬೇಕು. ಒಂದು ಬಟ್ಟೆಯ ಚೆಂಡು. ಚೆಂಡು ಯಾರ ಕೈಗೆ ಬಂತೋ ಅವರು ತಮ್ಮ ಹೆಸರನ್ನು ಎದುರುಗೋಡೆಗೆ ಕೇಳಿಸುವ ಹಾಗೆ ಹೇಳಿ, ಇನ್ನೊಬ್ಬರಿಗೆ ಎಸೆಯಬೇಕು. ನಿಯಮ ಒಂದೇ ಒಂದು: ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸುವ ಹಾಗಿಲ್ಲ. “ಎಷ್ಟೊತ್ತಾದ್ರೂ ಕಾಯ್ಬೇಕು. ಬೆಲ್ ಹೊಡೆದ್ರೂ ಕಾಯ್ಬೇಕು. ಗೊತ್ತಾಯ್ತಾ?”

ಈ ನಿಯಮ ಹುಟ್ಟಿದ್ದು ಐದನೇ ಕ್ಲಾಸಿನ ಮೈತ್ರಿಯಿಂದ. ಆ ಹುಡುಗಿಗೆ ತೊದಲು. ಅದರಲ್ಲೂ ‘ಮ’ ಬಂದರೆ ತುಟಿ ಅಂಟಿಕೊಂಡು ಬಿಡಿಸಿಕೊಳ್ಳುವುದೇ ಇಲ್ಲ. ದೇವರು ನೋಡಿ ನೋಡಿ ಅವಳಿಗೆ ಅದೇ ಅಕ್ಷರದ ಹೆಸರು ಇಡಿಸಿದ್ದ. ಹಾಜರಿ ಕೂಗಿದಾಗ ಬರೀ ಕೈ ಎತ್ತುತ್ತಿದ್ದಳು. ಮನೆಯಲ್ಲಿ ಅಜ್ಜಿ ಮುನಿಲಕ್ಷ್ಮಮ್ಮನದು ಇನ್ನೊಂದು ಕಥೆ. ಹಳೇ ಉತ್ತರಹಳ್ಳಿಯ ಹೆಂಗಸು. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಬಾಡಿಗೆ ಮನೆಗಳು, ಆದರೆ ಗಂಟಲು ಮಾತ್ರ ಹೊಲದ ಆಚೆ ಬದುವಿಗೂ ಕೇಳಿಸುವಂಥದ್ದು. ಮೊಮ್ಮಗಳೆಂದರೆ ಪ್ರಾಣ. ಆ ಪ್ರೀತಿಯಲ್ಲೇ ಮಗುವಿನ ಮಾತನ್ನೆಲ್ಲ ತಾನೇ ಮುಗಿಸಿಕೊಡುತ್ತಿದ್ದಳು. ಮಗು “ಮ... ಮ...” ಅಂದರೆ ಸಾಕು, “ಮಜ್ಜಿಗೇನಾ ಕೂಸೇ, ತಕಾ” ಎಂದು ಲೋಟ ಹಿಡಿಸಿಬಿಡುವಳು. ಮಾವಿನಹಣ್ಣು ಕೇಳಲು ಹೋದ ಮೈತ್ರಿ ಮಜ್ಜಿಗೆ ಕುಡಿದು ಸುಮ್ಮನಾಗುವಳು. ಇದನ್ನು ಮೈತ್ರಿಯೇ ಚೂಡಾಮಣಿಗೆ ಹೇಳಿದ್ದು. ಹೇಳಿ ಮುಗಿಸುವಷ್ಟರಲ್ಲಿ ಊಟದ ಬಿಡುವು ಕಳೆದುಹೋಗಿತ್ತು, ಚೂಡಾಮಣಿಯ ಡಬ್ಬಿಯ ಚಿತ್ರಾನ್ನ ಹಾಗೇ ಉಳಿದಿತ್ತು.

ವಾರ್ಷಿಕೋತ್ಸವಕ್ಕೆ ಚೂಡಾಮಣಿ ತಾವೇ ಒಂದು ಪುಟ್ಟ ನಾಟಕ ಕಟ್ಟಿದರು. ಲೇಔಟುಗಳ ನಡುವೆ ದಾರಿ ತಪ್ಪಿದ ಪ್ರಾಣಿಗಳು ತಮ್ಮ ಹಳೆಯ ಜಾಗ ಹುಡುಕುವ ಕಥೆ. ಹಸುವಿನ ಪಾರ್ಟು ಮೈತ್ರಿಗೆ. ಮಾತು ಮೂರೇ: “ಇಲ್ಲೊಂದು ಹುಣಸೆ ಮರ ಇತ್ತು. ಅದರ ನೆರಳಲ್ಲಿ ಮಲಗ್ತಿದ್ದೆ. ಈಗ ಎಲ್ಲಿ ಮಲಗಲಿ?” ಆ ಹುಣಸೆ ಮರ ಅಜ್ಜಿಯ ಹೊಲದಲ್ಲಿ ನಿಜವಾಗಿಯೂ ಇದ್ದದ್ದು. ಮಾತು ಬರೆದದ್ದು ಚೂಡಾಮಣಿ, ಮರ ಕೊಟ್ಟದ್ದು ಮೈತ್ರಿ.

“ನಂಗೆ ಮ... ಮ... ಬರಲ್ಲ” ಎಂದು ಹುಡುಗಿ ಅಳುಮೋರೆ ಮಾಡಿದಳು.

“ಹಸು ಯಾವತ್ತಾದ್ರೂ ಅವಸರ ಪಟ್ಟಿದ್ದು ನೋಡಿದ್ದೀಯೇನೇ? ಎರಡು ಮಾತಾಡತ್ತೆ, ನಿಲ್ಲತ್ತೆ, ಮೆಲುಕು ಹಾಕತ್ತೆ. ತಿರ್ಗಾ ಮಾತಾಡತ್ತೆ. ನಿಂಗೆ ಎಲ್ಲಿ ಸಿಕ್ಕಿಹಾಕ್ಕೊಳ್ಳತ್ತೋ ಅಲ್ಲಿ ಮೆಲುಕು ಹಾಕು. ಯಾರು ಬೇಡ ಅಂತಾರೆ?”

ಮೈತ್ರಿ ಕಣ್ಣರಳಿಸಿದಳು. ದವಡೆ ಆಡಿಸಿದಳು. “ಇಲ್ಲೊಂದು ಹುಣಸೆ...” ಮೆಲುಕು, ಮೆಲುಕು, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಕಣ್ಣು ಅರೆಮುಚ್ಚಿ, ಆಮೇಲೆ ನಿಧಾನಕ್ಕೆ “ಮರ ಇತ್ತು.” ಅಬ್ಬ! ತುಟಿ ಬಿಟ್ಟಿತ್ತು. ಒಂದೇ ದಿನಕ್ಕೆ ಬಂದದ್ದಲ್ಲ. ಕೆಲವು ದಿನ ಮೆಲುಕೇ ಮುಗಿಯುತ್ತಿರಲಿಲ್ಲ. ಆದರೆ ದೀಪಾವಳಿ ರಜೆ ಕಳೆಯುವ ಹೊತ್ತಿಗೆ ಆ ಮೂರು ಮಾತು ಕೇಳಲು ಇಡೀ ಕ್ಲಾಸು ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ಹಸು ಮೆಲುಕು ಹಾಕುವಾಗ ಒಬ್ಬರೂ ಕಿಸಕ್ಕನ್ನಲಿಲ್ಲ. ಚೂಡಾಮಣಿ ಆ ದಿನಗಳಲ್ಲಿ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ನಗುನಗುತ್ತ ನಿಂತು ಮನೆಗೆ ಬರುತ್ತಿದ್ದರು. ಅಜ್ಜಿ ಒಮ್ಮೆ ಇದನ್ನು ಕಿವಿಯಾರೆ ಕೇಳಿಬಿಡಲಿ, ಮುಂದೆ ಮಾತು ಕಿತ್ತುಕೊಳ್ಳುವುದಿಲ್ಲ. ಅವರ ಆಸೆ ಇಷ್ಟೇ.

ಅಷ್ಟರಲ್ಲಿ ಶಾಲೆಯ ಸೆಕ್ರೆಟರಿ ನರೇಂದ್ರ ಕರೆಸಿದರು. ಪಕ್ಕದಲ್ಲಿ ಕಾರ್ಯಕ್ರಮ ನಡೆಸಿಕೊಡುವ ದಿನೇಶ್ ಕೂತಿದ್ದ.

“ಮೇಡಂ, ಈ ಸಲ ಎಲ್ಲಾ ಟ್ರ್ಯಾಕು. ಮಾತೆಲ್ಲ ಮೊದ್ಲೇ ರೆಕಾರ್ಡ್ ಮಾಡಿಸ್ಬಿಡೋಣ. ಮಕ್ಕಳು ಬಾಯಾಡಿಸಿದ್ರೆ ಸಾಕು” ಎಂದರು ನರೇಂದ್ರ.

ಚೂಡಾಮಣಿ ಕುರ್ಚಿಯ ತುದಿಗೆ ಸರಿದರು. “ಸಾರ್, ನಾನು ಮಾತು ಕಲಿಸ್ತಿರೋದು...”

“ಹೋದ್ವರ್ಷ ಒಂದ್ ಮಗು ಡೈಲಾಗ್ ಮರೆತು ಸ್ಟೇಜ್ ಮೇಲೆ ಅತ್ತಿದ್ದು ಮರ್ತ್ರಾ? ಪೇರೆಂಟ್ಸ್ ಗ್ರೂಪಲ್ಲಿ ಮಾನ ಹರಾಜಾಯ್ತು ನಂದು.”

ಅವರನ್ನೂ ಏನೆನ್ನುವುದು? ಆ ಗ್ರೂಪಿನ ಬೈಗುಳ ಕೇಳಿದವರು ಅವರೇ. ಚೂಡಾಮಣಿ ಗೋಗರೆದರು: ಒಂದೇ ಒಂದು ಮೈಕು ಕೊಡಿ, ಹಸುವಿನ ಮೂರು ಮಾತಿಗೆ ಮಾತ್ರ. ದಿನೇಶ್ ಪಾಪ, ಮರ್ಯಾದೆಯಿಂದಲೇ ವಿವರಿಸಿದ: “ಮೇಡಂ, ಹಿಂದ್ಗಡೆ ಎಲ್‌ಇಡಿ ಸ್ಕ್ರೀನಲ್ಲಿ ಬಿಲ್ಡಿಂಗ್‌ಗಳು ಓಡ್ತಿರ್ತವೆ, ಮ್ಯೂಸಿಕ್ ಓಡ್ತಿರತ್ತೆ. ಮಗು ನಿಂತ್ರೆ ಅವು ನಿಲ್ಲಲ್ಲ.”

ಜೆ.ಪಿ. ನಗರದ ಸ್ಟುಡಿಯೋದಲ್ಲಿ ರೆಕಾರ್ಡಿಂಗು. ಗಾಜಿನ ಆಚೆ ಮೈತ್ರಿಯನ್ನು ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಹಾಕಿದರು. ಹುಡುಗಿ ದವಡೆ ಆಡಿಸಿದಳು. ತನ್ನ ತೊದಲು ತನ್ನ ಕಿವಿಗೇ ಅಷ್ಟು ದೊಡ್ಡದಾಗಿ ಅವಳು ಎಂದೂ ಕೇಳಿರಲಿಲ್ಲ. ಒಮ್ಮೆ ಸಿಕ್ಕಿಕೊಂಡಳು. ಮತ್ತೊಮ್ಮೆ ಶುರು ಮಾಡಿ ಮತ್ತೂ ಕೆಟ್ಟದಾಗಿ ಸಿಕ್ಕಿಕೊಂಡಳು. ಹೊರಗೆ ಮಿಕ್ಕ ಮಕ್ಕಳು ಕಾಯುತ್ತಿದ್ದರು. ಚೂಡಾಮಣಿ ಗಾಜಿಗೆ ಮುಖ ಆನಿಸಿ “ನಿಧಾನ, ನಿಧಾನ” ಎನ್ನುತ್ತಲೇ ಇದ್ದರು. ಆ ಗಾಜು ದಾಟಿ ಅವರ ದನಿ ಒಳಗೆ ಹೋಗುವ ಹಾಗಿರಲಿಲ್ಲ.

“ಬೇರೆ ಮಗು ಹತ್ರ ಹೇಳಿಸಿಬಿಡೋಣ ಮೇಡಂ. ಯಾರಿಗೂ ಗೊತ್ತಾಗಲ್ಲ” ಎಂದ ದಿನೇಶ್.

ಇಂಚರ ಎಂಬ ಹುಡುಗಿಗೆ ಎಲ್ಲರ ಪಾರ್ಟೂ ಬಾಯಿಪಾಠ. ಒಳ್ಳೆಯ ಮಗು. ಒಳಗೆ ಹೋಗುವ ಮುಂಚೆ ಮೈತ್ರಿಯನ್ನು ನೋಡಿ “ನಾನ್ ಹೇಳ್ಲಾ?” ಎಂದು ಕೇಳಿತು ಕೂಡ. ಮೈತ್ರಿ ಹೂಂ ಎಂಬಂತೆ ತಲೆಯಾಡಿಸಿದಳು. ಮೂರು ಮಾತು ಒಂದೇ ಉಸಿರಿಗೆ ಮುಗಿದುಹೋಯಿತು, ಮುತ್ತು ಸುರಿದ ಹಾಗೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಚೂಡಾಮಣಿ ಗಂಡನ ಮುಂದೆ ಹಾರಾಡಿದರು. ನಾಳೆಯೇ ಕೆಲಸ ಬಿಡುತ್ತೇನೆ ಎಂದರು. ಗಂಡ ಸಾರು ಬಡಿಸಿಕೊಳ್ಳುತ್ತ, “ನೀನು ಬಿಟ್ರೆ ಆ ಪೀರಿಯಡ್ಡೂ ಗಣಿತಕ್ಕೇ ಹೋಗತ್ತೆ, ಅಷ್ಟೆ” ಅಂದರು. ಬೆಳಿಗ್ಗೆ ಎದ್ದು ಚೂಡಾಮಣಿ ಅದೇ ಬಸ್ಸು ಹತ್ತಿದರು.

ವಾರ್ಷಿಕೋತ್ಸವದ ದಿನ ಬನಶಂಕರಿಯ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯಲ್ಲಿ ಮುನಿಲಕ್ಷ್ಮಮ್ಮ. ಹಸು ಬಂತು. ಮೇಲಿನ ಸ್ಪೀಕರಿನಿಂದ ಇಂಚರಳ ದನಿ ಗಂಟೆ ಬಾರಿಸಿದ ಹಾಗೆ ಬಂತು. ಮೈತ್ರಿಯ ತುಟಿ ಅದರ ಜೊತೆ ಒಂದಿಷ್ಟೂ ಹಿಂದೆ ಮುಂದೆ ಆಗದೆ ಆಡಿತು. ಮೆಲುಕು ಹಾಕಲಿಲ್ಲ. ಹಾಕಲು ಎಡೆಯೇ ಇರಲಿಲ್ಲ. ಪರದೆಯ ಪಕ್ಕದಲ್ಲಿ ನಿಂತ ಚೂಡಾಮಣಿಗೆ, ಮಕ್ಕಳಲ್ಲೆಲ್ಲ ಇವಳೇ ಚೆನ್ನಾಗಿ ಬಾಯಾಡಿಸಿದಳಲ್ಲ ಎನಿಸಿತು. ಜನ ಚಪ್ಪಾಳೆ ತಟ್ಟಿದರು.

ಮುಗಿದ ಮೇಲೆ ಮುನಿಲಕ್ಷ್ಮಮ್ಮ ಜನರನ್ನು ಸರಿಸಿಕೊಂಡು ಬಂದೇಬಿಟ್ಟಳು. ಕಣ್ಣೀರು ಕೆನ್ನೆ ದಾಟಿ ಇಳಿಯುತ್ತಿತ್ತು. ಒಂದು ಕೈಯಲ್ಲಿ ಮೈತ್ರಿ, ಇನ್ನೊಂದು ಕೈಯಲ್ಲಿ ಚೂಡಾಮಣಿಯ ಮುಂಗೈ.

“ಮಿಸ್ಸಮ್ಮಾ, ಆ ಹುಣಸೆ ಮರ ನಮ್ದೇ ಕಣಮ್ಮಾ! ಎಷ್ಟ್ ಸಲೀಸಾಗಿ ಯೋಳ್ತು ನನ್ ಕೂಸು! ಏನ್ ಮಾಟ ಮಾಡ್ದೆ ತಾಯಿ?” ಎಂದವಳು, ಥಟ್ಟನೆ ಮೊಮ್ಮಗಳ ಗಲ್ಲ ಎತ್ತಿ ಕೇಳಿದಳು: “ನೀನೇ ತಾನೆ ಮಗಾ ಮಾತಾಡಿದ್ದು? ಯೋಳು, ನಿನ್ ಬಾಯಾಗೆ ಯೋಳು ನೋಡಾನ.” ಕೇಳಿ, ಅಪರೂಪಕ್ಕೆ ಕಾದಳು.

ಮೈತ್ರಿ ಮಿಸ್ಸಿನ ಮುಖ ನೋಡಿದಳು. “ನಾ... ನಾ...” ದವಡೆ ಸಣ್ಣಗೆ ಆಡಿತು. ಅವಳು ಏನೋ ಹೇಳಲು ಹೊರಟಿದ್ದಳು. ನಾನೇ ಎಂದೋ, ನಾನಲ್ಲ ಎಂದೋ, ದೇವರೇ ಬಲ್ಲ. ಅಜ್ಜಿಯ ಮುಖದ ಸಂತೋಷ ಈಗಲೋ ಆಗಲೋ ಒಡೆಯುವ ಹಾಗಿತ್ತು. ಚೂಡಾಮಣಿಗೆ ತಡೆಯಲಾಗಲಿಲ್ಲ.

“ಹೌದಮ್ಮಾ, ಅವಳೇ ಮಾತಾಡಿದ್ದು” ಅಂದುಬಿಟ್ಟರು.

ಮೈತ್ರಿಯ ದವಡೆ ನಿಂತಿತು. ಬಾಯಿ ಮುಚ್ಚಿಕೊಂಡಳು. ಅಜ್ಜಿ ಅವಳ ದೃಷ್ಟಿ ನೀವಾಳಿಸಿ, ಐಸ್‌ಕ್ರೀಮು ಕೊಡಿಸಲು ಕರೆದುಕೊಂಡು ಹೋದಳು.

ಮುಂದಿನ ವಾರ ಐದನೇ ಕ್ಲಾಸಿನ ಪೀರಿಯಡ್ಡು ಪುಣ್ಯಕ್ಕೆ ಯಾರೂ ಕೇಳಲಿಲ್ಲ. ಬೆಂಚು ಸರಿಸಿದರು, ದುಂಡಗೆ ನಿಂತರು. ಚೆಂಡು ಅಲ್ಲಿ ಇಲ್ಲಿ ಹಾರಿ ಮೈತ್ರಿಯ ಕೈಗೆ ಬಂತು. ಎಲ್ಲರೂ ನಿಯಮದ ಪ್ರಕಾರ ಸುಮ್ಮನಾದರು. ಮೈತ್ರಿ ಎದುರುಗೋಡೆಯನ್ನು ನೋಡುತ್ತ ತನ್ನ ಹೆಸರು ಹೇಳಿದಳು. ತುಟಿ ಎಲ್ಲೂ ಅಂಟಲಿಲ್ಲ, ಒಂದು ಕಡೆಯೂ ತಡೆಯಲಿಲ್ಲ. ದನಿ ಮಾತ್ರ ಹೊರಡಲೇ ಇಲ್ಲ.

“ವಾವ್, ಸೈಲೆಂಟ್ ಗೇಮ್! ಸಖತ್ತಾಗಿದೆ ಮಿಸ್!” ಎಂದು ಮಕ್ಕಳು ಚಪ್ಪಾಳೆ ತಟ್ಟಿದರು. ಚೂಡಾಮಣಿ ಬೆರಳೆತ್ತಿ ಅವರನ್ನು ಸುಮ್ಮನಾಗಿಸಿ, ಕಾದರು. ಕಾಯುವುದೊಂದನ್ನು ಬಿಟ್ಟು ಬೇರೇನು ಮಾಡಬೇಕೆಂದು ಅವರಿಗೆ ತೋಚಲಿಲ್ಲ. “ಇನ್ನೊಂದ್ಸಲ ಹೇಳು ಕಂದಾ” ಅಂದರು. ಮೈತ್ರಿ ಇನ್ನೊಮ್ಮೆ ಅಷ್ಟೇ ಚೊಕ್ಕವಾಗಿ ಬಾಯಾಡಿಸಿ, ಮುಗಿಯಿತಲ್ಲ ಎಂಬಂತೆ ಮಿಸ್ಸಿನ ಕಡೆ ನೋಡಿ, ಚೆಂಡನ್ನು ಇಂಚರಳಿಗೆ ಎಸೆದಳು.