ಕತ್ತಿ ಕೆಳಗಿಟ್ಟ ದೊಡ್ಡಕ್ಕ

ಕಸಾಯಿಖಾನೆಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ನೋಡಿ ಅಲ್ಲ, ಬಾಯಿ ನೋಡಿ. ಕುರಿಗಳ ಕತ್ತು ಕೊಯ್ಯುವ ಕೆಲಸ ಅವಳದು. ಮೊದಲು ಆ ಜಾಗದಲ್ಲಿ ಗಂಡ ನಿಲ್ಲುತ್ತಿದ್ದ. ಅವನು ತೀರಿಕೊಂಡ ಮೇಲೆ ಅವಳು ಹೋಗಿ ಕೇಳಿದಾಗ, ಇದು ಹೆಂಗಸರ ಕೈಲಾಗುವ ಕೆಲಸವಲ್ಲ ಎಂದು ಮೇಸ್ತ್ರಿ ನಕ್ಕಿದ್ದ. ಅವಳು ಗಂಡನ ಕತ್ತಿಯನ್ನು ಮಸೆದು ತಂದು ಅವನೆದುರೇ ಒಂದು ಕುರಿ ಕೊಯ್ದಳು. ಅಲ್ಲಿಗೆ ಅವನ ನಗು ನಿಂತಿತು.

ಮನೆಯಲ್ಲಿ ಮಾತ್ರ ಮಗಳ ಮುಂದೆ ಅವಳ ಆಟ ನಡೆಯುತ್ತಿರಲಿಲ್ಲ. ಕಾಲೇಜು ಸೇರಿದ ಮೇಲೆ ಮಗಳು ಮಾಂಸ ಬಿಟ್ಟಳು. ಆಮೇಲೆ ತಾಯಿಯ ಕೆಲಸದ ಬಟ್ಟೆ ನೆನೆಹಾಕಿದ ಬಕೆಟ್ಟನ್ನು ಮುಟ್ಟುವುದನ್ನೂ ಬಿಟ್ಟಳು. ಗೆಳತಿಯರು ಕೇಳಿದರೆ, ಅಮ್ಮ ಫ್ಯಾಕ್ಟರಿಗೆ ಹೋಗುತ್ತಾಳೆ ಎನ್ನುತ್ತಿದ್ದಳು. ಅದು ಕಿವಿಗೆ ಬಿದ್ದ ದಿನ ದೊಡ್ಡಕ್ಕ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು.

"ತಿನ್ನೋರು ನಾಲ್ಕು ಜನರ ಮುಂದೆ ಕೂತು ತಿಂತಾರೆ. ಕೊಯ್ಯೋಳು ಮಾತ್ರ ಯಾಕೆ ಬಚ್ಚಿಟ್ಕೋಬೇಕು?"

ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಕುರಿಗಳು ಅವಳ ಕೈಗೆ ಬರುವ ಹೊತ್ತಿಗೆ ಎಚ್ಚರ ತಪ್ಪಿರಬೇಕಿತ್ತು. ಹಿಂದಿನ ಕೋಣೆಯಲ್ಲಿ ತಲೆಗೆ ಇಕ್ಕಳ ಹಿಡಿದು ಕರೆಂಟು ಕೊಟ್ಟು, ಹಿಂಗಾಲನ್ನು ಕೊಕ್ಕೆಗೆ ಸಿಕ್ಕಿಸಿ ಕಳಿಸುವುದು ಅಲ್ಲಿಯ ಪದ್ಧತಿ. ಆ ಬೇಸಿಗೆಯಲ್ಲಿ ಇಕ್ಕಳ ಕೈಕೊಟ್ಟಿತು. ತಲೆಕೆಳಗಾಗಿ ತೂಗುತ್ತಲೇ ಕೆಲವು ಕುರಿಗಳು ಕಣ್ಣು ಪಿಳುಕಿಸುತ್ತಿದ್ದವು, ಕತ್ತೆತ್ತಲು ಒದ್ದಾಡುತ್ತಿದ್ದವು. ಅವಳು ಮೇಸ್ತ್ರಿಗೆ ಹೇಳಿದಳು. ಅವನು ಮ್ಯಾನೇಜರಿಗೆ ಹೇಳಿದ್ದೇನೆ ಎಂದ. ಮ್ಯಾನೇಜರಿಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ. ರಿಪೇರಿಗೆಂದು ಕೆಲಸ ನಿಲ್ಲಿಸಲು ಅವನಿಗೆ ಮನಸ್ಸಿರಲಿಲ್ಲ, ಅಷ್ಟೇ. ಹೊರಗೆ ಲಾರಿಗಳು ಕಾಯುತ್ತಿದ್ದವು.

ಒಂದು ಬೆಳಿಗ್ಗೆ ಪೂರಾ ಎಚ್ಚರವಿದ್ದ ಕುರಿಯೊಂದು ಅವಳನ್ನೇ ದಿಟ್ಟಿಸುತ್ತ ಬಂತು. ಅದರ ಸಂಕಟ ಮುಗಿಯಲೆಂದು ಅವಳು ಕೊಯ್ದಳು. ಕೊಯ್ದವಳು ಕತ್ತಿಯನ್ನು ರಕ್ತದ ತೊಟ್ಟಿಯ ಅಂಚಿಗಿಟ್ಟು, ಗೋಡೆಯ ಮೇಲಿದ್ದ ಕೆಂಪು ಗುಂಡಿ ಒತ್ತಿದಳು. ಕೊಕ್ಕೆಗಳನ್ನು ಎಳೆದು ತರುವ ಸರಪಳಿ ಗಕ್ಕನೆ ನಿಂತಿತು. ಹಿಂದೆ ಒದ್ದಾಡುತ್ತಿದ್ದ ಕುರಿಗಳನ್ನು ಕೆಳಗಿಳಿಸಿ ದೊಡ್ಡಿಗೆ ಬಿಡಿ ಎಂದು ಅವಳು ಕೂಗಿದಳು. ಮೇಸ್ತ್ರಿಯ ಅಪ್ಪಣೆಗೆ ಯಾರೂ ಕಾಯಲಿಲ್ಲ.

ಮ್ಯಾನೇಜರ್ ಓಡಿ ಬಂದ. ಹೇಗಿದ್ದರೂ ಸಾಯುವ ಕುರಿಗೆ ಇಷ್ಟೊಂದು ರಂಪ ಯಾಕೆ ಎಂದು ಎಗರಾಡಿದ.

"ಸಾಯೋದು ಇದ್ದಿದ್ದೇ ಸಾರ್, ನೀವೂ ಸಾಯ್ತೀರ, ನಾನೂ ಸಾಯ್ತೀನಿ," ಎಂದಳು ದೊಡ್ಡಕ್ಕ. "ಎಚ್ಚರ ಇರೋದನ್ನ ಮಾತ್ರ ನಾನು ಕೊಯ್ಯಲ್ಲ."

ಅವನು ಪಕ್ಕದಲ್ಲಿದ್ದ ಅವಳ ಮೈದುನನಿಗೆ ಕತ್ತಿ ತಗೋ ಎಂದ. ಮೈದುನ ಮಹಾ ಪುಕ್ಕಲ. ಕತ್ತಿಯನ್ನು ಕೈಗೆತ್ತಿಕೊಂಡ, ಮ್ಯಾನೇಜರನ್ನು ನೋಡಿದ, ದೊಡ್ಡಕ್ಕನನ್ನು ನೋಡಿದ, ಮೆಲ್ಲಗೆ ಮತ್ತೆ ತೊಟ್ಟಿಯ ಅಂಚಿಗೇ ಇಟ್ಟ.

"ಅತ್ತಿಗೆ ಬೈತಾಳೆ ಸಾರ್," ಎಂದ.

ಸಾಲಿನುದ್ದಕ್ಕೂ ಜನ ನಕ್ಕರು. ಆಮೇಲೆ ಒಬ್ಬೊಬ್ಬರೇ ತಮ್ಮ ಕತ್ತಿ ಕೆಳಗಿಟ್ಟರು. ಮಧ್ಯಾಹ್ನದೊಳಗೆ ಎಲ್ಲಿಂದಲೋ ಬೇರೆ ಇಕ್ಕಳ ಬಂತು. ಕೆಲಸ ಮತ್ತೆ ಶುರುವಾಯಿತು, ಅವಳನ್ನು ಬಿಟ್ಟು. ಅವಳನ್ನು ತೊಗಲಿಗೆ ಉಪ್ಪು ಹಚ್ಚುವ ಶೆಡ್ಡಿಗೆ ತಳ್ಳಿದರು. ಕ್ಷಮೆ ಕೇಳಿದರೆ ಹಳೆಯ ಜಾಗ ಕೊಡುತ್ತೇವೆಂದು ಮೇಸ್ತ್ರಿ ಬಂದು ಹೇಳಿದಾಗ, ಉಪ್ಪು ತಿಂದ ಮನೆಗೆ ಉಪ್ಪು ಹಚ್ಚಿಕೊಂಡೇ ಇರುತ್ತೇನೆ ಬಿಡು ಎಂದು ಅವನನ್ನು ಸಾಗಹಾಕಿದಳು. ಕೈಯ ಬಿರುಕುಗಳಿಗೆ ಉಪ್ಪು ಇಳಿದು ಉರಿಯುತ್ತಿತ್ತು. ಆದರೂ ಕ್ಷಮೆ ಕೇಳಲಿಲ್ಲ.

ಸುದ್ದಿ ಮೈದುನನ ಬಾಯಿಂದ ಮಗಳಿಗೆ ಮುಟ್ಟಿತು. ಅವಳು ಎಣ್ಣೆ ತಂದು ತಾಯಿಯ ಅಂಗೈಗೆ ಹಚ್ಚುತ್ತ ಕೂತಳು.

"ಅಷ್ಟು ನಿಲ್ಸೋಕೆ ಆಯ್ತಲ್ಲಮ್ಮ. ಕೊಲ್ಲೋದನ್ನೇ ನಿಲ್ಸೋಕೆ ಆಗಲ್ವಾ?"

"ಅದು ನಿನ್ನ ಜಗಳ. ನೀನು ಆಡು. ನನ್ನದು ನಾನು ಆಡಿದೀನಿ."

ಮಗಳು ಆ ಮಾತನ್ನು ಹಾಗೇ ಹಿಡಿದಳು. ಈಗ ವಾರಕ್ಕೊಮ್ಮೆ ಗೆಳತಿಯರನ್ನು ಕಟ್ಟಿಕೊಂಡು, ಕೊಲ್ಲುವುದು ನಿಲ್ಲಲಿ ಎಂಬ ಫಲಕ ಹಿಡಿದು ಕಸಾಯಿಖಾನೆಯ ಗೇಟಿನಲ್ಲಿ ನಿಲ್ಲುತ್ತಾಳೆ. ಕಾವಲುಗಾರ ಒಮ್ಮೆ ಅವಳನ್ನು ದಬ್ಬಲು ಹೋದಾಗ, ಕೈ ಮುಟ್ಟಿಸಿದರೆ ನೋಡು ಎಂದು ಒಳಗಿನಿಂದ ಗದರಿದವಳು ದೊಡ್ಡಕ್ಕನೇ. ಸಂಜೆ ತಾಯಿ ಮಗಳು ಒಂದೇ ಬಸ್ಸು ಹತ್ತುತ್ತಾರೆ, ಮನೆ ಬರುವವರೆಗೂ ವಾದ ಮಾಡುತ್ತಾರೆ. ಇಬ್ಬರಲ್ಲಿ ಯಾರೂ ಇನ್ನೂ ಸೋತಿಲ್ಲ.