ಬಗ್ಗಿ ಬಂದ ಹುಡುಗಿ

ಆ ಮನೆಯ ಬಾಗಿಲು ನಿಜವಾಗಿಯೂ ಅಷ್ಟು ಗಿಡ್ಡವಾಗಿತ್ತೇ ಎಂದು ನೀವು ಆಣೆ ಹಾಕಿಸಿ ಕೇಳಿದರೆ ನಾನು ತಡವರಿಸುತ್ತೇನೆ. ಹೊಸಿಲಿಗೆ ಅರಿಸಿನ ಬಳಿದಿತ್ತು, ಮೇಲಿನ ಅಡ್ಡಮರ ಹೊಗೆ ಕುಡಿದು ಕಪ್ಪಾಗಿತ್ತು, ಒಳಗೆಲ್ಲ ಹಸಿಹುಲ್ಲಿನ ವಾಸನೆ, ಇಷ್ಟು ನೆನಪಿದೆ. ಆದರೆ ನೆನಪು ನಾಲೆಯ ನೀರಿನ ಹಾಗೆ, ಹರಿದ ದಾರಿಯ ಮಣ್ಣನ್ನೆಲ್ಲ ಕರಗಿಸಿಕೊಂಡು ಬಂದು ಇದೇ ನನ್ನ ಬಣ್ಣ ಎನ್ನುತ್ತದೆ.

ನಾನು ಶ್ರೀರಂಗಪಟ್ಟಣದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ದಾಖಲೆಯಿಲ್ಲದ ಮಾತನ್ನು ನಂಬಬೇಡಿ ಎಂದು ಹೇಳಿ ಹೇಳಿ, ನನ್ನ ಬಾಲ್ಯವನ್ನೇ ಸಂದೇಹದಿಂದ ನೋಡುವ ಚಟ ಹತ್ತಿಸಿಕೊಂಡವನು. ಇಂಥವನನ್ನು ಕ್ರೀಡಾ ಸಮಿತಿಯ ಕಾರ್ಯದರ್ಶಿ ಮಾಡಿದ್ದು ಯಾರ ತಮಾಷೆಯೋ. ನಮ್ಮ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ದೊಡ್ಡ ಊರುಗಳಿಂದ ಬಂದವರು ಒಂದು ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಇನ್ನೂ ದೊಡ್ಡ ಕಾಲೇಜಿಗೆ ಹಾರಿಬಿಡುತ್ತಿದ್ದರು. ದೈಹಿಕ ಶಿಕ್ಷಣದ ನಂಜೇಗೌಡರಿಗೆ ಇದು ಸಾಕಾಗಿತ್ತು. "ನಮ್ ಕಬ್ಬಿನ ಗದ್ದೆ ಬದಿನಾಗೇ ಉದ್ದುದ್ದ ಐಕ್ಳು ಅವ್ರೆ ಸಾ. ನಾವು ಕಣ್ಬುಟ್ಟು ನೋಡಿಲ್ಲ ಅಷ್ಟೇಯ" ಎಂದು ಒಂದು ಭಾನುವಾರ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟರು.

ಚಿನಕುರಳಿಯ ಕಲ್ಲುಪುಡಿಯ ದೂಳು, ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯ ಸಿಹಿ ಘಾಟು, ನಾಗಮಂಗಲದ ಕಡೆಯ ಒಣ ಬಯಲು: ಆ ಭಾನುವಾರಗಳೆಲ್ಲ ಈಗ ಕಲೆತು ಒಂದೇ ಉದ್ದನೆಯ ಮಧ್ಯಾಹ್ನವಾಗಿವೆ. ಪಿಯುಸಿ ಮುಗಿಸಿದ ಹುಡುಗಿಯಿರುವ ಮನೆಗೆ ಹೋಗುವುದು, ನಡುಮನೆಯಲ್ಲಿ ಕೂತು ನೀರು ಕೇಳುವುದು, ಬಾಗಿಲನ್ನೇ ನೋಡುತ್ತಿರುವುದು. ಹಳೆಯ ಹೆಂಚಿನ ಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದವಳ ಹೆಸರು ನೋಟ್‌ಬುಕ್ಕಿಗೆ. ಟೇಪಿನಿಂದ ಅಳೆಯಬಾರದೇ ಎಂದರೆ ನಂಜೇಗೌಡರು ಗಾಬರಿಯಾದರು. "ಟೇಪ್ ತೆಗುದ್ರೆ ಹೆಣ್ ನೋಡಕ್ ಬಂದವ್ರೆ ಅಂತ ಕಾಫಿಗಿಟ್ಬುಡ್ತಾರೆ ಸಾ!"

ಶೀಳನೆರೆಯ ಹತ್ತಿರದ ಆ ಮನೆಯಲ್ಲಿ ಪವಿತ್ರ ಚೆನ್ನಾಗಿಯೇ ಬಗ್ಗಿ ಒಳಗೆ ಬಂದಳು. ಚೊಂಬು ಇಟ್ಟು ಕತ್ತಲ ಮೂಲೆಯಲ್ಲಿ ಕೂತಳು. ನಂಜೇಗೌಡರ ಪೆನ್ಸಿಲು ಓಡಿತು. "ಎಮ್ಮೆ ಯಾಪಾರಕ್ ಬಂದಂಗೆ ನೋಡ್ತಾನಲ್ಲವ್ವ ಈವಯ್ಯ" ಎಂದು ಅವಳ ತಾಯಿ ಪಕ್ಕದ ಮನೆಯವಳಿಗೆ ಹೇಳಿದ್ದು ನಮಗೂ ಕೇಳಿಸಿತು. ಆದರೂ ಹಾಸ್ಟೆಲಿನಲ್ಲಿ ಸೀಟು ಎಂದಾಗ ಒಪ್ಪಿದರು. ನಮ್ಮ ಮಾತು ನಂಬಿ ಹುಡುಗಿ ಕೆ.ಆರ್. ಪೇಟೆಯ ಕಾಲೇಜಿಗೆ ಅರ್ಜಿಯನ್ನೇ ಹಾಕಲಿಲ್ಲ.

ಕಾಲೇಜು ಶುರುವಾದ ದಿನ ಮೈದಾನದ ಬಿಸಿಲಲ್ಲಿ ನಿಂತ ಪವಿತ್ರ ಉಳಿದವರ ಭುಜಕ್ಕೂ ಬರುತ್ತಿರಲಿಲ್ಲ.

"ಏನವ್ವಾ, ಊರಲ್ಲಿ ಬಗ್ಗಿ ಬಂದ್ಯಲ್ಲಾ?" ಎಂದರು ನಂಜೇಗೌಡರು.

"ದಿನಾ ಹುಲ್ಲೊರೆ ಹೊತ್ಕಂಡು ಬತ್ತೀನಿ ಸಾ, ಕೊಟ್ಟಿಗೆಗೂ ಅದೇ ಬಾಗ್ಲು. ಹೊರೆ ಇಲ್ದಿದ್ರೂ ತಲೆ ತಾನೇ ಬಗ್ತದೆ."

ಉಳಿದವರು ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ. ಆ ಸೀಟು ಆಟಗಾರ್ತಿಗೆ ಮಾತ್ರ, ಕೆ.ಆರ್. ಪೇಟೆಯಲ್ಲಿ ಸೇರುವ ಗಡುವು ಮುಗಿದಿತ್ತು. ವಾಪಸು ಹೋದರೆ ಒಂದು ವರ್ಷ ಹೋದಂತೆ, ಮತ್ತೆ ಅವಳನ್ನು ಯಾರು ಕಳಿಸುತ್ತಾರೆ? ಮುಂದಿನದು ನನಗೆ ಸ್ಫಟಿಕದಷ್ಟು ನಿಚ್ಚಳ. ನಾನು ಮುಂದೆ ಬಂದೆ. "ಗೌಡ್ರೇ, ಒಮ್ಮೆ ಚೆಂಡು ಕೊಟ್ಟು ನೋಡಿ" ಎಂದೆ. ತೆಂಗಿನಕಾಯಿಯನ್ನು ನೆಲದಿಂದ ಲಾರಿಯ ಮೇಲೆ ನಿಂತವರ ಕೈಗೆ ಎಸೆದು ಪಳಗಿದ ಹುಡುಗಿ ಅವಳು. ಚೆಂಡು ಎತ್ತರದವರ ನಡುವಿನ ಸಂದಿಯಲ್ಲಿ ನುಸುಳಿ, ಆಚೆಯವಳು ಕೈ ಚಾಚುವ ಮೊದಲೇ ಅವಳ ಎದೆಯ ಬಳಿ ಇತ್ತು.

ಪವಿತ್ರ ಉಳಿದಳು. ಎರಡನೆಯ ವರ್ಷ ಅವಳ ಚಿಕ್ಕಪ್ಪನ ಮಗಳು ಬಂದಳು, ಆಮೇಲೆ ಬಸ್ಸಿನಲ್ಲಿ ಪರಿಚಯವಾದ ಚಿನಕುರಳಿಯ ಇಬ್ಬರು. ನಾವು ಮನೆ ಮನೆ ಸುತ್ತುವುದೇ ತಪ್ಪಿತು. ಈಗ ನಾಗಮಂಗಲದ ಬಳಿ ಆಟದ ಟೀಚರಾಗಿರುವ ಅವಳು ಪ್ರತಿ ವರ್ಷ ಒಬ್ಬಿಬ್ಬರನ್ನಾದರೂ ಕಳಿಸುತ್ತಾಳೆ. ಎತ್ತರವನ್ನು ಹುಡುಕಿ ಹೊರಟ ನಮಗೆ ಒಂದು ದಾರಿ ಸಿಕ್ಕಿತು. ದಾರಿಗೆ ಎತ್ತರ ಎಲ್ಲಿಯದು, ಅದು ನೆಲಕ್ಕೆ ಅಂಟಿಕೊಂಡೇ ದೂರ ಹೋಗುತ್ತದೆ.

ನಂಜೇಗೌಡರ ನಿವೃತ್ತಿಯ ಸಭೆಯಲ್ಲಿ ನಾನು ಈ ಕತೆಯನ್ನು ರಸವತ್ತಾಗಿ ಹೇಳಿದೆ, ನನ್ನ ಪಾತ್ರ ಸಮೇತ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಪವಿತ್ರ ಮೆಲ್ಲಗೆ ನಕ್ಕಳು. ನನ್ನನ್ನು ನೋಡಿ ಅಲ್ಲ, ನಂಜೇಗೌಡರನ್ನು ನೋಡಿ. ಅವರು ತಲೆ ತಗ್ಗಿಸಿ ಕೂತಿದ್ದರು. ಆ ನಗು ನನ್ನ ಜೊತೆ ಮನೆಗೆ ಬಂತು. ಮಾರನೆಯ ದಿನ ಆ ನೋಟ್‌ಬುಕ್ಕು ಕೊಡಿ ಎಂದಾಗ ನಂಜೇಗೌಡರು, "ಬುಡಿ ಸಾ, ಚೆನ್ನಾಗೇಳುದ್ರಲ್ಲ, ಇನ್ನೇನ್ ನೋಡೀರಿ?" ಎಂದರು. ನಾನು ಬಿಡಲಿಲ್ಲ.

ಈಗ ನನ್ನ ಮನೆಯ ಬಾಗಿಲು ಏಳು ಅಡಿ. ಆದರೂ ಒಳಗೆ ಬರುವಾಗ ತಲೆ ತಾನೇ ಬಗ್ಗುತ್ತದೆ. ಹೊರೆ ಕಣ್ಣಿಗೆ ಕಾಣಲೇಬೇಕೆಂದೇನಿಲ್ಲ. ಗಿಡ್ಡ ಬಾಗಿಲು, ಹಸಿಹುಲ್ಲಿನ ವಾಸನೆ ಎಲ್ಲ ಸುಳ್ಳಿರಬಹುದು. ನಾನು ಪರೀಕ್ಷಿಸಿ ಖಚಿತಪಡಿಸಿಕೊಂಡದ್ದು ಒಂದೇ: ಆ ನೋಟ್‌ಬುಕ್ಕಿನ ಪುಟದಲ್ಲಿ ಪವಿತ್ರಳ ಹೆಸರಿನ ಕೆಳಗೆ, ನೀಲಿ ಶಾಯಿಯಲ್ಲಿ, ಬಲಕ್ಕೆ ವಾಲಿದ ನನ್ನದೇ ಅಕ್ಷರದಲ್ಲಿ, "ಕುಳ್ಳಿ. ವಾಪಸ್ ಕಳಿಸುವುದು" ಎಂದು ಬರೆದಿದೆ, ಅದರ ಮೇಲೆ ನಂಜೇಗೌಡರ ಪೆನ್ಸಿಲಿನ ಅಡ್ಡಗೆರೆಯಿದೆ.