ಕಪಾಟು, ಟ್ರಂಕು ಮತ್ತು ದಾರಿ ಹೇಳುವಾಕೆ

ಎರಡು ಸಾವಿರದ ಎಂಟರಲ್ಲಿ ನಾನು ಹೊಸಪೇಟೆಯ ಕಾಲೇಜಿನಲ್ಲಿ ಬಿ.ಕಾಂ. ಎರಡನೆಯ ವರ್ಷ ಓದುತ್ತಿದ್ದೆ. ದಿನಾ ಡೈರಿ ಬರೆಯುವ ಚಟವಿತ್ತು. ಮಳೆ ಬಂದದ್ದು, ಕರೆಂಟು ಹೋದದ್ದು, ಮಧ್ಯಾಹ್ನದ ಊಟಕ್ಕೆ ಎಷ್ಟು ಜನ ಬಂದರೆಂಬುದು, ಎಲ್ಲವೂ ತಾರೀಖಿನ ಸಮೇತ. ಆ ವರ್ಷದ ಸೆಪ್ಟೆಂಬರ್, ಅಕ್ಟೋಬರ್ ಪುಟಗಳಲ್ಲಿ ಮಾತ್ರ ಬೇರೆ ಸುದ್ದಿಗೆ ಜಾಗವೇ ಸಿಕ್ಕಿಲ್ಲ. ಹೊಸ ಕಾರಿಗೆ ಎಂಥ ಜಿಪಿಎಸ್ ಹಾಕಿಸಬೇಕು ಎಂಬುದೊಂದೇ ಸುದ್ದಿ.

ಕೈಯಲ್ಲಿರುವ ಮೊಬೈಲಿನಲ್ಲೇ ದಾರಿ ಕಾಣುವ ಕಾಲ ನಮ್ಮ ಕಡೆ ಇನ್ನೂ ಬಂದಿರಲಿಲ್ಲ. ದಾರಿ ಹೇಳುವ ಮಷೀನುಗಳು ಎರಡು ಬಗೆಯವಿದ್ದವು. ಒಂದು, ಶೋರೂಮಿನವರೇ ಸ್ಟೇರಿಂಗಿನ ಪಕ್ಕ ಡ್ಯಾಶ್‌ಬೋರ್ಡಿನೊಳಗೆ ಕೂರಿಸಿ ಕೊಡುವುದು. ಅದರ ಬಾಯಿಗೆ ನಕಾಶೆಯ ಡಿಸ್ಕ್ ತಿನ್ನಿಸಬೇಕು. ಇನ್ನೊಂದು ಅಂಗೈ ಅಗಲದ್ದು. ರಬ್ಬರಿನ ಬಟ್ಟಲನ್ನು ಒತ್ತಿ ಮುಂದಿನ ಗಾಜಿಗೆ ಅಂಟಿಸಬೇಕು. ಬೇಡವಾದಾಗ ಕಿತ್ತು ಚೀಲಕ್ಕೆ ಹಾಕಿಕೊಳ್ಳಬಹುದು.

ಇಷ್ಟೆಲ್ಲ ಬೇಕಾದದ್ದು ನಮ್ಮ ಚಿಕ್ಕಮ್ಮನಿಗೆ. ಆಕೆ ಸರ್ಕಾರಿ ಶಾಲೆಯ ಟೀಚರು. ಆ ಜೂನ್‌ನಲ್ಲಿ ಆಕೆಗೆ ಸಂಡೂರು ದಾಟಿ ಚೋರನೂರಿನ ಹತ್ತಿರದ ಒಂದು ಹಳ್ಳಿಗೆ ವರ್ಗವಾಗಿತ್ತು. ಬಸ್ಸಿನಲ್ಲೇ ಹೋಗಿ ಬರುತ್ತಿದ್ದಳು. ಆದರೆ ಅದಿರಿನ ಲಾರಿಗಳು ಮೈಲುಗಟ್ಟಲೆ ಸಾಲು ನಿಂತ ದಿನ ಬಸ್ಸೂ ಅವುಗಳ ಹಿಂದೆಯೇ ನಿಲ್ಲುತ್ತಿತ್ತು. ಚಿಕ್ಕಮ್ಮ ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು, ಮಗ್ಗಿ ಮುಗಿದು, ಮಕ್ಕಳು ಬಿಸಿಯೂಟದ ವಾಸನೆ ಹಿಡಿಯುತ್ತಿದ್ದರು. ಹೆಡ್‌ಮಾಸ್ತರರು ಎರಡು ಸಲ ಮೆತ್ತಗೆ ಹೇಳಿದರು, ಮೂರನೆಯ ಸಲ ಬರೆದು ಕೊಟ್ಟರು.

ಚಿಕ್ಕಪ್ಪ ಕೆಲಸ ಬಿಡು ಎಂದ. ಅವನದು ಲಾರಿ ಟೈರಿನ ಅಂಗಡಿ. ಆ ವರ್ಷಗಳಲ್ಲಿ ಬಳ್ಳಾರಿ ರಸ್ತೆಯಲ್ಲಿ ಟೈರು ಸವೆದಷ್ಟೂ ನಮ್ಮ ಮನೆ ಬೆಳೆಯಿತು. ಹೆಂಡತಿಯ ತಿಂಗಳ ಪಗಾರದಲ್ಲಿ ಎರಡು ಟೈರೂ ಬರುವುದಿಲ್ಲ ಎಂದು ಅವನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಚಿಕ್ಕಮ್ಮ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ತಾನು ಟೈರು ಮಾರುವುದಿಲ್ಲ, ಮಕ್ಕಳಿಗೆ ಕಲಿಸುತ್ತೇನೆ ಎನ್ನುತ್ತಿದ್ದಳು. ಕೊನೆಗೊಂದು ದಿನ, ಲಾರಿಗಳ ಸಾಲು ತಪ್ಪಿಸಿ ಅಡ್ಡದಾರಿಯಲ್ಲಿ ತಾನೇ ಕಾರು ನಡೆಸಿಕೊಂಡು ಹೋಗುತ್ತೇನೆ ಎಂದಳು. ಡ್ರೈವಿಂಗ್ ಕಲಿತು ಲೈಸೆನ್ಸ್ ಪಡೆದಾಗಿತ್ತು. ಆದರೂ ಮನೆಯವರೆಲ್ಲ ನಕ್ಕರು.

ನಗುವುದಕ್ಕೆ ಕಾರಣವಿತ್ತು. ಚಿಕ್ಕಮ್ಮನಿಗೆ ದಾರಿ ನೆನಪಿರುವುದಿಲ್ಲ ಎಂಬುದು ನಮ್ಮ ಮನೆಯ ಹಳೆಯ ತಮಾಷೆ. ಒಮ್ಮೆ ಸ್ಕೂಟರಿನಲ್ಲಿ ಮಲಪನಗುಡಿಗೆ ಅರಿಶಿನ ಕುಂಕುಮಕ್ಕೆಂದು ಹೊರಟು, ಮಲಪನಗುಡಿಯನ್ನು ಹಿಂದೆ ಹಾಕಿ, ಕಮಲಾಪುರ ಮುಟ್ಟಿ, ಅಲ್ಲಿ ಯಾರದೋ ಮನೆಯ ಕುಂಕುಮ ಹಚ್ಚಿಸಿಕೊಂಡು ಬಂದಿದ್ದಳು. ಅವರೂ ಉಡಿ ತುಂಬಿ ಕಳಿಸಿದ್ದರು.

ಮೂರು ದಿನ ಚರ್ಚೆಯಾಗಿ ತೀರ್ಮಾನವಾಯಿತು. ಹೇಗೂ ಕಾರು ಕೊಳ್ಳುವುದಿತ್ತು, ಆಯುಧಪೂಜೆಯ ದಿನ ಮನೆಗೆ ಬರಲಿ. ಅದರಲ್ಲಿ ದಾರಿ ಹೇಳುವ ಮಷೀನು ಇದ್ದರೆ ಚಿಕ್ಕಮ್ಮ ದಸರೆ ರಜೆ ಮುಗಿದ ಮೇಲೆ ಕಾರಿನಲ್ಲಿ ಶಾಲೆಗೆ ಹೋಗಬಹುದು. ಇಲ್ಲದಿದ್ದರೆ ರಾಜೀನಾಮೆ. ಮಷೀನಿನ ಷರತ್ತು ಹಾಕಿದ್ದು ಅಜ್ಜಿ. ಮಷೀನೊಳಗೆ ಹೆಂಗಸಿನ ದನಿ ಇರುತ್ತದೆಂದು ಕೇಳಿ ಆಕೆಗೆ ಧೈರ್ಯ ಬಂದಿತ್ತು. ಆ ದನಿ ಇಂಗ್ಲಿಷಿನಲ್ಲಿ ಮಾತಾಡುತ್ತದೆ ಎಂದಾಗ ಮತ್ತೆ ಅನುಮಾನ ಹುಟ್ಟಿತು.

"ಕನ್ನಡ ಬರಲಾರದಾಕಿ ಚೋರನೂರಾಗ ಯಾರನ್ನ ಕೇಳಿ ದಾರಿ ಹೇಳ್ತಾಳ?"

ಅಂದಿನಿಂದ ಮಷೀನಿಗೆ ನಮ್ಮ ಮನೆಯಲ್ಲಿ 'ದಾರಿ ಹೇಳಾಕಿ' ಎಂದೇ ಹೆಸರು.

ಕೊಳ್ಳುವ ಮೊದಲು ಎರಡನ್ನೂ ಪರೀಕ್ಷೆ ಮಾಡಬೇಕೆಂದು ನಾನು ಸೂಚಿಸಿದೆ. ಸರಿ ತಪ್ಪುಗಳ ಲೆಕ್ಕ ಬರೆಯುವ ಕೆಲಸ ನನಗೇ ಬಂತು. ಸೆಪ್ಟೆಂಬರಿನ ಮೊದಲ ಭಾನುವಾರ ಶೋರೂಮಿನವರು ಒಳಗೇ ಕೂರಿಸಿದ ಮಷೀನಿರುವ ಕಾರನ್ನು ತಂದರು. ಜೊತೆಗೆ ಟೈ ಕಟ್ಟಿದ ಒಬ್ಬ ಸೇಲ್ಸ್‌ಮನ್. ಆನೆಗೊಂದಿಯಲ್ಲಿ ಚಿಕ್ಕಪ್ಪನ ಗಿರಾಕಿಯೊಬ್ಬರಿದ್ದರು. ಅಲ್ಲಿಗೇ ಹೋಗೋಣ ಎಂದು ಊರಿನ ಹೆಸರು ಒತ್ತಿದೆವು. ಮಲಪನಗುಡಿಯಲ್ಲಿ ದಾರಿ ಹೇಳಾಕಿ ಒಂದು ಕಡೆ ತಿರುಗಲು ಹೇಳಿದಳು. ಆ ಕಡೆ ಇದ್ದದ್ದು ಮೆಟ್ಟಿಲ ಬಾವಿ. ನಾನು ಒಂದು ತಪ್ಪು ಎಂದು ಬರೆದೆ. ಇದು ಬಾವಿಯ ಐತಿಹಾಸಿಕ ಮಹತ್ವದ ಸಲುವಾಗಿ ಇರಬಹುದು ಎಂದು ಸೇಲ್ಸ್‌ಮನ್ ಹೇಳಿದ. ಹಂಪಿಯ ಕಲ್ಲುಗುಂಡುಗಳ ನಡುವೆ ಆಕೆ ಚೆನ್ನಾಗಿಯೇ ನಡೆಸಿದಳು. ತಳವಾರಘಟ್ಟದಲ್ಲಿ ನೇರ ಹೋಗಿ ಎಂದಳು. ನೇರ ಇದ್ದದ್ದು ತುಂಗಭದ್ರೆ.

ಚಿಕ್ಕಪ್ಪ ಬ್ರೇಕು ಒತ್ತಿ ಕೂತ. ಆಕೆ ಮತ್ತೆ ನೇರ ಹೋಗಿ ಎಂದಳು. ಹರಿಗೋಲಿನವನೊಬ್ಬ ಕಿಟಕಿಯ ಹತ್ತಿರ ಬಂದು ಒಳಗೆ ಬಗ್ಗಿ ನೋಡಿದ. "ಅಕಿ ಹೇಳೋದು ಖರೇನ ಐತ್ರೀ. ದಾರಿ ಆ ದಂಡಿಗೇ ಹೋಗ್ತೈತಿ. ಗಾಡಿ ಇಲ್ಲೇ ಬಿಟ್ಟು ಅಕಿನ್ನ ಕರ್ಕೊಂಡು ಹರಿಗೋಲು ಹತ್ರಿ" ಎಂದ. ಆಕೆಯನ್ನು ಕರೆದುಕೊಂಡು ಹೋಗುವ ಹಾಗಿರಲಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಸ್ಕ್ರೂ ಹಾಕಿ ಕೂರಿಸಿದ್ದರು. ಮುಂದಿನ ವರ್ಷದ ಡಿಸ್ಕಿನಲ್ಲಿ ನದಿ ಸರಿಯಾಗಬಹುದು ಎಂದು ಸೇಲ್ಸ್‌ಮನ್ ಭರವಸೆ ಕೊಟ್ಟ.

ಮುಂದಿನ ಭಾನುವಾರ ಗಾಜಿಗೆ ಅಂಟಿಸುವ ಮಷೀನಿನ ಸರದಿ. ಅದನ್ನು ಚಿಕ್ಕಪ್ಪ ಲಾರಿ ಮಾಲೀಕರೊಬ್ಬರಿಂದ ಕಡ ತಂದಿದ್ದ. ಈ ಸಲ ಕಂಪ್ಲಿ ದಾರಿ, ಅಂಗಡಿಯ ಹಳೆಯ ವ್ಯಾನು, ನಡೆಸಿದ್ದು ಚಿಕ್ಕಮ್ಮ. ಗಾಜಿನ ಮೇಲೆ ಸದಾ ಇರುವ ಅದಿರಿನ ಕೆಂಪು ಧೂಳಿನಿಂದಾಗಿ ರಬ್ಬರ್ ಬಟ್ಟಲು ಹಿಡಿಯಲಿಲ್ಲ. ತಗ್ಗು ಬಂದಾಗಲೆಲ್ಲ ದಾರಿ ಹೇಳಾಕಿ ಕಳಚಿ ಚಿಕ್ಕಮ್ಮನ ಮಡಿಲಿಗೆ ಬೀಳುತ್ತಿದ್ದಳು, ಬಿದ್ದಲ್ಲಿಂದಲೇ ಮಾತು ಮುಂದುವರಿಸುತ್ತಿದ್ದಳು. ಚಿಕ್ಕಮ್ಮ ಅವಳಿಗೆ ಹೂಂ, ಆತವ್ವ ಎಂದು ಉತ್ತರ ಕೊಡುತ್ತಿದ್ದಳು. ಕಂಪ್ಲಿಯೊಳಗೆ ಆಕೆ ನಮ್ಮನ್ನು ಸೀದಾ ಒಂದು ಅಕ್ಕಿ ಗಿರಣಿಯ ಅಂಗಳಕ್ಕೆ ನುಗ್ಗಿಸಿ, ತಲುಪಿದಿರಿ ಎಂದಳು. ಗಿರಣಿಯವರು ನಾವು ಯಾರು, ಏಕೆ ಬಂದೆವು ಎಂದು ಕೇಳುವ ಮೊದಲೇ ಕುಂದ್ರಿ ಎಂದರು. ಮಂಡಕ್ಕಿ, ಮಿರ್ಚಿ, ಚಹಾ ಆದ ಮೇಲೆ ನಾವು ದಾರಿ ತಪ್ಪಿ ಬಂದದ್ದನ್ನು ಹೇಳಿದೆವು. ಹೊರಡುವಾಗ ಅವರು ಅಕ್ಕಿಯ ನುಚ್ಚನ್ನೂ ಕಟ್ಟಿ ಕೊಟ್ಟರು.

ಮನೆಗೆ ಬಂದು ಲೆಕ್ಕ ಹಾಕಿದರೆ ಎರಡರದೂ ತಪ್ಪು ಸಮಸಮ. ಚಿಕ್ಕಮ್ಮ ನುಚ್ಚನ್ನು ಸರಿ ಕಡೆಗೆ ಸೇರಿಸು ಎಂದಳು, ನಾನು ಒಪ್ಪಲಿಲ್ಲ. ಹೀಗಾಗಿ ನನ್ನ ಲೆಕ್ಕದಿಂದ ಯಾರಿಗೂ ಉಪಯೋಗವಾಗಲಿಲ್ಲ. ವಾದ ಊಟದ ಮನೆಗೆ ವಾಪಸು ಬಂತು.

ಒಳಗೆ ಕೂರಿಸಿದ್ದೇ ಬೇಕೆಂದು ಚಿಕ್ಕಪ್ಪನ ಹಟ. ಅದು ಬೀಳುವುದಿಲ್ಲ, ಕಳುವಾಗುವುದಿಲ್ಲ, ಕಾರಿಗೆ ಒಂದು ಕಳೆ ಬರುತ್ತದೆ. "ಗ್ವಾಡ್ಯಾಗ ಕೂಡಿಸಿದ್ದು ಕಪಾಟು. ಇನ್ನೊಂದು ಬರೇ ಟ್ರಂಕು. ಮನಿ ಕಟ್ಟೋರು ಕಪಾಟು ಮಾಡಿಸ್ತಾರೋ, ಟ್ರಂಕು ಇಟ್ಕೋತಾರೋ?" ಎಂದ.

ಚಿಕ್ಕಮ್ಮ ಒಲೆಯ ಮುಂದಿನಿಂದ ತಿರುಗಲಿಲ್ಲ. "ಕಪಾಟು ಮನಿ ಯಜಮಾನರದು ರೀ. ಟ್ರಂಕು ಹೆಂಗಸರದು. ತವರಿಂದ ತಂದಿರ್ತಾರ, ಎಲ್ಲಿಗೆ ಹೋದ್ರೂ ಸಂಗಾಟ ಬರ್ತೈತಿ."

ಆಗ ನನಗೆ ಆಕೆಯ ಲೆಕ್ಕ ತಿಳಿಯಿತು. ಕಾರು ಯಾವತ್ತಿದ್ದರೂ ಅಂಗಡಿಯ ಕಾರೇ. ಟೈರಿನ ಕಂಪನಿಯವರು ಬಂದ ದಿನ, ಯಾರದೋ ಮದುವೆಯ ದಿನ ಕಾರು ಹೊರಗೆ ಹೋದರೆ ದಾರಿ ಹೇಳಾಕಿಯೂ ಅದರ ಜೊತೆ ಹೋಗುತ್ತಾಳೆ. ಚಿಕ್ಕಮ್ಮನಿಗೆ ಉಳಿಯುವುದು ಹಳೆಯ ವ್ಯಾನು. ವ್ಯಾನಿನಲ್ಲಿ ಮಷೀನಿಲ್ಲ, ಮಷೀನಿಲ್ಲದಿದ್ದರೆ ಅಜ್ಜಿ ಬಾಗಿಲು ಬಿಡುವುದಿಲ್ಲ. ಗಾಜಿಗೆ ಅಂಟಿಸುವುದಾದರೆ ಯಾವ ಗಾಡಿಯಾದರೂ ಆದೀತು.

ಆದರೆ ದುಡ್ಡು ಕೊಡುವವನು ಚಿಕ್ಕಪ್ಪ. ಕಪಾಟೇ ಗೆದ್ದಿತು.

ಆಯುಧಪೂಜೆಯ ಬೆಳಿಗ್ಗೆ ಕಾರು ಬಂತು. ನಮ್ಮಲ್ಲಿ ಅಂದು ಕಬ್ಬಿಣದ ಯಾವ ವಸ್ತುವಿಗೂ ಪೂಜೆ ತಪ್ಪುವುದಿಲ್ಲ. ಅಂಗಡಿಯ ಜಾಕು, ಪಾನಾ, ಗಾಳಿಯ ಮಷೀನು, ಮನೆಯ ಈಳಿಗೆಮಣೆ, ಅಜ್ಜಿಯ ಅಡಕತ್ತರಿ, ಎಲ್ಲಕ್ಕೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಹೊಸ ಕಾರಿನ ಪೂಜೆಗೆ ಅಯ್ಯನವರು ಬಂದರು. ಬಾನೆಟ್ಟಿಗೆ, ಸ್ಟೇರಿಂಗಿಗೆ, ನಾಲ್ಕೂ ಗಾಲಿಗೆ ವಿಭೂತಿ ಎಳೆದರು. ಅಷ್ಟರಲ್ಲಿ ಅಜ್ಜಿ ಒಳಗೆ ಬಗ್ಗಿ ಡ್ಯಾಶ್‌ಬೋರ್ಡನ್ನು ನೋಡಿ, "ಅಯ್ನೋರ, ಅಕಿನ್ನ ಬಿಟ್ರಲ್ರೀ" ಎಂದಳು.

ಅಯ್ಯನವರು ಒದ್ದೆ ವಿಭೂತಿಯ ಮೂರು ಪಟ್ಟಿಗಳನ್ನು ಪರದೆಯ ಈ ತುದಿಯಿಂದ ಆ ತುದಿಗೆ ಎಳೆದರು. ಅದು ಬೆರಳು ಮುಟ್ಟಿದರೆ ಎಚ್ಚರವಾಗುವ ಪರದೆ. ಒಳಗಿನಾಕೆ ಏನೋ ಇಂಗ್ಲಿಷಿನಲ್ಲಿ ಹೇಳಿದಳು. ಪಟ್ಟಿಗಳ ನಡುವೆ ಅಜ್ಜಿ ಕುಂಕುಮ ಇಟ್ಟಾಗ ಇನ್ನೇನೋ ಹೇಳಿದಳು. ಅಜ್ಜಿಗೆ ಇದು ದೊಡ್ಡ ಸಮಾಧಾನ; ಆಕೆ ಆಶೀರ್ವಾದ ತೆಗೆದುಕೊಂಡಳೆಂದು ಎಲ್ಲರಿಗೂ ಹೇಳಿದಳು. ಆಮೇಲೆ ಅಯ್ಯನವರು ತೆಂಗಿನಕಾಯಿ ಒಡೆದು ಅದರ ನೀರನ್ನು ಕಾರಿನ ಸುತ್ತ ಚಿಮುಕಿಸಿದರು. ಉಳಿದದ್ದನ್ನು ಅಜ್ಜಿ ಕೈಯಲ್ಲಿ ತೆಗೆದುಕೊಂಡು, ದಾರಿ ಹೇಳಾಕಿಗೆ ತೀರ್ಥವಾಗಲಿ ಎಂದು ಡಿಸ್ಕು ಹಾಕುವ ಬಾಯಿಗೇ ಬಿಟ್ಟಳು. ಭಕ್ತಿಯಲ್ಲಿ ಕೊರತೆಯಿರಲಿಲ್ಲ, ಒಂದು ಬೊಗಸೆಯಷ್ಟಿತ್ತು.

ದಾರಿ ಹೇಳಾಕಿ ಆಮೇಲೆ ಮಾತಾಡಲಿಲ್ಲ. ಮರುದಿನ ಶೋರೂಮಿನವರು ಅರ್ಧ ಡ್ಯಾಶ್‌ಬೋರ್ಡು ಬಿಚ್ಚಿ ನೋಡಿ, ಮಷೀನನ್ನು ಬೆಂಗಳೂರಿಗೆ ಕಳಿಸಬೇಕೆಂದರು. ಎಷ್ಟು ದಿನವೆಂದು ಹೇಳಲಾಗದು, ತೀರ್ಥಕ್ಕೆ ವಾರಂಟಿ ಇಲ್ಲ. ಟೈ ಕಟ್ಟಿದ ಸೇಲ್ಸ್‌ಮನ್ ಇದನ್ನು ಹೇಳುವಾಗ ಅಜ್ಜಿಯ ಮುಖ ನೋಡಲಿಲ್ಲ. ಕಾರು ಮನೆಗೆ ಬಂದಾಗ ಸ್ಟೇರಿಂಗಿನ ಪಕ್ಕ ಒಂದು ಚೌಕದ ತೂತಿತ್ತು. ಚಿಕ್ಕಪ್ಪ ಅದರಲ್ಲಿ ಟೋಲಿನ ಚೀಟಿಗಳನ್ನು ಇಡತೊಡಗಿದ.

ಶಾಲೆ ಶುರುವಾಗಲು ವಾರವಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ಚಿಕ್ಕಪ್ಪ ರಾಜೀನಾಮೆಯ ಮಾತು ತೆಗೆದ. ಗೆದ್ದ ದನಿಯಲ್ಲಲ್ಲ, ಷರತ್ತು ಷರತ್ತೇ ಅಲ್ಲವೇ ಎಂದು ರೊಟ್ಟಿ ಮುರಿಯುತ್ತ ಹೇಳಿದ. ಚಿಕ್ಕಮ್ಮ ಮರುದಿನ ಬಸ್ಸು ಹಿಡಿದು ಬಳ್ಳಾರಿಗೆ ಹೋಗಿ, ತನ್ನ ಪಗಾರದಲ್ಲಿ ಗಾಜಿಗೆ ಅಂಟಿಸುವ ಮಷೀನು ತಂದು ಅಜ್ಜಿಯ ಮುಂದೆ ಇಟ್ಟಳು. ಅಜ್ಜಿ ವಿಭೂತಿ ತಂದಳು. ಚಿಕ್ಕಮ್ಮ ಮಷೀನನ್ನು ಬೋರಲು ಹಾಕಿದಳು. "ಅತ್ತಿ, ಬೆನ್ನಿಗೆ ಹಚ್ರಿ. ಮಾರಿಗೆ ಬ್ಯಾಡ."

ಅಜ್ಜಿ ಬೆನ್ನಿಗೆ ಹಚ್ಚಿದಳು. ನೀರು ತರಲಿಲ್ಲ.

ಶಾಲೆ ತೆರೆದ ದಿನ ನಸುಕಿನಲ್ಲಿ ಮನೆಯವರೆಲ್ಲ ಹೊಸ್ತಿಲಲ್ಲಿ ನಿಂತಿದ್ದೆವು. ಚಿಕ್ಕಮ್ಮ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ ಮಷೀನನ್ನು ಒತ್ತಿ ಅಂಟಿಸಿದಳು. ದಾರಿ ಹೇಳಾಕಿ ಮಾತು ಶುರುಮಾಡಿದಳು. ಅಜ್ಜಿ ಕೈ ಮುಗಿದಳು, ಯಾರಿಗೆಂದು ತಿಳಿಯಲಿಲ್ಲ. ಸಂಜೆ ಚಿಕ್ಕಮ್ಮ ಹೊತ್ತಿಗೆ ಸರಿಯಾಗಿ ಬಂದಳು. ಕಾರು ಕೆಂಪಾಗಿತ್ತು, ಚಿಕ್ಕಮ್ಮನೂ ಕೆಂಪಾಗಿದ್ದಳು. ಮರುದಿನವೂ ಹಾಗೇ. ಡಿಸೆಂಬರಿನವರೆಗೆ ನನ್ನ ಡೈರಿಯಲ್ಲಿ ಆಕೆ ದಾರಿ ತಪ್ಪಿದ ದಿನ ಒಂದೂ ಇಲ್ಲ. ಎರಡು ಸಲ ಕಾರು ಅಂಗಡಿಯ ಕೆಲಸಕ್ಕೆ ಹೋದಾಗ ಮಷೀನನ್ನು ಚೀಲದಿಂದ ತೆಗೆದು ವ್ಯಾನಿಗೆ ಅಂಟಿಸಿಕೊಂಡು ಹೋದಳು. ಅಂಗಡಿಯಲ್ಲಿ ಯಾರಾದರೂ ಎಂಥದ್ದು ಕೊಳ್ಳಲಿ ಎಂದು ಕೇಳಿದರೆ ಚಿಕ್ಕಪ್ಪ, ಕಿತ್ತಿಡುವಂಥದೇ ಒಳ್ಳೆಯದು, ತಾನು ಮೊದಲಿಂದಲೂ ಅದನ್ನೇ ಹೇಳುತ್ತಿದ್ದೆ ಎನ್ನತೊಡಗಿದ.

ಡಿಸೆಂಬರಿನ ಒಂದು ಶನಿವಾರ ನನಗೆ ಕಾಲೇಜು ಇರಲಿಲ್ಲ. ಚಿಕ್ಕಮ್ಮನ ಜೊತೆ ಹೊರಟೆ. ಓಣಿಯ ತಿರುವು ದಾಟುವವರೆಗೆ ದಾರಿ ಹೇಳಾಕಿ ಮಾತಾಡಿದಳು. ತಿರುವು ದಾಟಿದ ಕೂಡಲೇ ಚಿಕ್ಕಮ್ಮ ಕೈ ಚಾಚಿ ಆಕೆಯನ್ನು ಬಂದ್ ಮಾಡಿದಳು. ಕೆಟ್ಟಿತೇ ಎಂದು ಕೇಳಿದೆ. ಇಲ್ಲ, ತಾನು ದಿನಾ ಇಲ್ಲೇ ಬಂದ್ ಮಾಡುವುದು ಎಂದಳು. ಮೊದಲ ಹದಿನೈದು ದಿನ ಕೇಳಿದ್ದಳಂತೆ. ಸಂಡೂರಿನ ಆಚೆ ಅದಿರಿನವರು ರಸ್ತೆಯನ್ನೇ ಸರಿಸಿಬಿಟ್ಟಿದ್ದರಿಂದ ಅಲ್ಲಿಂದ ಶಾಲೆಯ ಗೇಟಿನವರೆಗೂ ದಾರಿ ಹೇಳಾಕಿ ಹಿಂದಕ್ಕೆ ತಿರುಗಿ, ಹಿಂದಕ್ಕೆ ತಿರುಗಿ ಎಂದು ಹಲುಬುತ್ತಿದ್ದಳಂತೆ.

"ಹಂಗಾರ ಇದನ್ನ ಯಾಕ ಅಂಟಸ್ತಿ ಚಿಗವ್ವ?"

ಚಿಕ್ಕಮ್ಮ ಎದುರಿನ ಲಾರಿಗೆ ದಾರಿ ಬಿಟ್ಟು, ಮತ್ತೆ ಗೇರು ಹಾಕಿದಳು. "ದಾರಿ ನನಗ ಗೊತ್ತಾತು. ನನಗ ಗೊತ್ತಾಗೇತಿ ಅನ್ನೋದು ಮನಿಯವರಿಗೆ ಗೊತ್ತಾಗಬೇಕಲ್ಲ, ಅದಕ್ಕ ಇನ್ನೂ ಟೈಮ್ ಹಿಡಿತೈತಿ. ಅಲ್ಲೀತನ ಇಕಿ ಗಾಜಿನ ಮ್ಯಾಲ ಕುಂತಿರ್ಲಿ. ಹೊಸ್ತಿಲದಾಗ ನಿಂತ್ರೂ ಅತ್ತಿಯವ್ರಿಗೆ ಕಾಣ್ತಾಳ."

ಸಂಡೂರಿನ ಗುಡ್ಡದ ಬುಡದಲ್ಲಿ ಲಾರಿಗಳ ಸಾಲು ನಿಂತಿತ್ತು. ಚಿಕ್ಕಮ್ಮ ಸಾಲಿನ ಹಿಂದೆ ನಿಲ್ಲದೆ, ಒಂದು ಜೋಳದ ಹೊಲದ ಬದಿಯ ಬಂಡಿದಾರಿಗೆ ಇಳಿಸಿದಳು. ಅದು ಯಾವ ಡಿಸ್ಕಿನಲ್ಲೂ ಇರುವ ದಾರಿಯಲ್ಲ. ಎಲ್ಲಿ ಕಲ್ಲಿದೆ, ಎಲ್ಲಿ ಹಳ್ಳ ದಾಟಬೇಕು, ಯಾರ ನಾಯಿ ಅಡ್ಡ ಬರುತ್ತದೆ, ಎಲ್ಲ ಆಕೆಗೆ ಗೊತ್ತಿತ್ತು. ಹೊಲದಲ್ಲಿದ್ದ ಹೆಂಗಸೊಬ್ಬಳು ಕೈ ಎತ್ತಿ, "ಟೀಚರ್ರ, ಇವತ್ತು ಇನ್ನೂ ಜಲ್ದಿ ಬಂದ್ರಿ" ಎಂದಳು.

ನಾವು ಮುಟ್ಟಿದಾಗ ಶಾಲೆಯ ಬೀಗ ಇನ್ನೂ ತೆಗೆದಿರಲಿಲ್ಲ. ಚಿಕ್ಕಮ್ಮ ಮಷೀನನ್ನು ಕಿತ್ತು ಚೀಲಕ್ಕೆ ಹಾಕಿದಳು, ಬೀಗದ ಕೈ ಹೊರಗೆ ತೆಗೆದಳು. ಹೆಡ್‌ಮಾಸ್ತರರು ಅದನ್ನು ಆಕೆಯ ಹತ್ತಿರವೇ ಕೊಟ್ಟಿದ್ದರು, ದಿನಾ ಎಲ್ಲರಿಗಿಂತ ಮೊದಲು ಬರುವವಳು ಆಕೆಯೇ ಎಂದು.